ಹೂದಾನಿಗೆ ಮರಳು

ನನ್ನ ಮಾವನಿಗೆ ಜನ ಇಟ್ಟಿದ್ದ ಹೆಸರು ಮರಳಜ್ಜ. ಸ್ಮಶಾನದ ಕಾವಲುಗಾರರು. ಗೇಟಿನ ಪಕ್ಕದ ಎರಡು ಕೋಣೆಯೇ ನಮ್ಮ ಮನೆ. ಹುಲ್ಲು ಕೊಯ್ಯುವುದು, ಗುಂಡಿ ತೋಡುವುದು, ಸಮಾಧಿ ತೊಳೆಯುವುದು ಎಲ್ಲ ಅವರದೇ ಕೆಲಸ. ಮಾತು ಮಾತ್ರ ಕಡಿಮೆ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎನ್ನುವ ಹಾಗೆ. ನಾನೋ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಸೊಸೆ.

ಆ ಮಳೆಗಾಲ ಡೆಂಗ್ಯೂ ಜ್ವರ ಬೀದಿ ಬೀದಿಗೂ ಹೊಕ್ಕಿತ್ತು. ಬಟ್ಟೆ ಹೊಲಿದು ಬದುಕುತ್ತಿದ್ದ ಹೊಲಿಗೆ ಅಕ್ಕನ ಒಬ್ಬನೇ ಮಗ ಅದರಲ್ಲೇ ಹೋದ. ಅವಳ ಗಂಡನ ಸಮಾಧಿಯೂ ನಮ್ಮಲ್ಲೇ ಇತ್ತು. ವಾರ ವಾರ ತಾಯಿಯ ಜೊತೆ ಬಂದು, ನಲ್ಲಿಯಲ್ಲಿ ಅಪ್ಪನ ಹೂದಾನಿ ತುಂಬಿಸಿ ತರುತ್ತಿದ್ದ ಹುಡುಗ. ಅವನನ್ನು ಅಪ್ಪನ ಪಕ್ಕದಲ್ಲೇ ಮಲಗಿಸಿದೆವು.

ಆ ಗುಂಡಿ ಮುಚ್ಚಿದ ಮರುದಿನವೇ ಮಾವ ಒಂದು ಹೂದಾನಿ ತಂದು ನನ್ನ ಮುಂದೆ ಬಗ್ಗಿಸಿದರು. ಕೊಳೆತ ಕಾಂಡಗಳ ಜೊತೆ ಬಿದ್ದ ನೀರಿನಲ್ಲಿ ಸೊಳ್ಳೆ ಮರಿಗಳು ವಿಲವಿಲ ಒದ್ದಾಡುತ್ತಿದ್ದವು. ಮನೆಯ ಡ್ರಮ್ಮಿಗೆ ಬಟ್ಟೆ ಕಟ್ಟಿದ್ದೆ, ಫ್ರಿಜ್ಜಿನ ಹಿಂದಿನ ತಟ್ಟೆ ಒರೆಸಿದ್ದೆ. ಆದರೆ ನನ್ನ ಪುಟ್ಟ ಮಗಳು ಹಗಲೆಲ್ಲ ಆಡುತ್ತಿದ್ದುದು ಈ ಹೂದಾನಿಗಳ ನಡುವೆ.

ಅಂದಿನಿಂದ ಮಾವ ಒಂದೊಂದನ್ನೂ ಉಜ್ಜಿ ತೊಳೆದು ಒದ್ದೆ ಮರಳು ತುಂಬಿದರು. ಹೂ ನಿಲ್ಲುತ್ತದೆ, ತೇವವೂ ಇರುತ್ತದೆ, ಸೊಳ್ಳೆಗೆ ಮೊಟ್ಟೆ ಇಡಲು ನಿಂತ ನೀರಿಲ್ಲ. ಮರಳು ಹಿಂಡಿ ಎಣ್ಣೆ ತೆಗೀತೀಯಾ ಅಜ್ಜ ಎಂದು ಜನ ನಕ್ಕರು, ಆಮೇಲೆ ಒಪ್ಪಿದರು.

ಒಪ್ಪದವಳು ಹೊಲಿಗೆ ಅಕ್ಕ ಒಬ್ಬಳೇ. ಮಗ ತುಂಬಿಸುತ್ತಿದ್ದ ಹೂದಾನಿಯನ್ನು ಒಣಗಿಸುವುದಿಲ್ಲ ಎಂದು ಬಂದಾಗಲೆಲ್ಲ ಮರಳು ಹೊರಗೆ ಸುರಿದು ನೀರು ತುಂಬುವಳು. ಅವಳು ಹೋದ ಮೇಲೆ ಮಾವ ನೀರು ಚೆಲ್ಲಿ ಮರಳು ತುಂಬುವರು. ಇಬ್ಬರೂ ತುಟಿಪಿಟಕ್ಕೆನ್ನರು. ಅವಳಿಗೆ ಕಾರಣ ಹೇಳಿಬಿಡಿ, ನಮ್ಮ ಮನೆಯಲ್ಲೂ ಮಗು ಇದೆ ಎಂದು ನಾನು ಮಾವನ ಜೊತೆ ಜಗಳವಾಡಿದೆ.

"ಹೇಳಬಹುದು ಕಣಮ್ಮ. ಆಮೇಲೆ ಅವಳು ಒಂದು ಮಾತು ಕೇಳ್ತಾಳೆ. ಅದಕ್ಕೆ ಏನು ಹೇಳಲಿ?" ಎಂದರು. ನನಗೆ ಆಗ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಮಾವ ಸೊಂಟ ಹಿಡಿದು ಹಾಸಿಗೆ ಹಿಡಿದರು. ಆ ಹೂದಾನಿಯ ನೀರು ನಿಂತೇ ಇತ್ತು, ನನಗೂ ನೆನಪಾಗಲಿಲ್ಲ. ಮಾವ ಎದ್ದು ಓಡಾಡುವ ಹೊತ್ತಿಗೆ ನನ್ನ ಮಗಳಿಗೂ ಅದೇ ಜ್ವರ ಬಂತು. ಆಸ್ಪತ್ರೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತೆ. ಮಗು ಉಳಿಯಿತು.

ಮನೆಗೆ ಕರೆತಂದ ದಿನ ಹೊಲಿಗೆ ಅಕ್ಕ ಅದೇ ಹೂದಾನಿ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದಳು. ಮಗುವಿನ ಕೈಯ ಪಟ್ಟಿ ನೋಡಿ ಏನಾಯಿತು ಎಂದು ಕೇಳಿದಳು. ನನ್ನ ಕೋಪ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದು, ನಿಂತ ನೀರಿನಲ್ಲಿ ಜ್ವರದ ಸೊಳ್ಳೆ ಹುಟ್ಟುತ್ತದೆ ಎಂದು ಮೆಲ್ಲಗೆ ಹೇಳಿದರು.

ಅವಳು ಹೂದಾನಿಯೊಳಗೆ ನೋಡಿದಳು.

"ಅಜ್ಜ, ನನ್ನ ಮಗಾನೂ ಇದನ್ನೇ ಹಿಡ್ಕೊಂಡು ಇಲ್ಲೇ ಓಡಾಡ್ತಿದ್ದ. ಅವನಿಗೂ ಇದರಿಂದಾನಾ? ನಾನೇನಾ ಕರ್ಕೊಂಡು ಬಂದು..."

ಮಾವ ಹೆದರಿದ್ದ ಮಾತು ಅದೇ.

"ಇಲ್ಲ ತಾಯಿ. ನಿಮ್ಮ ಹೂದಾನಿ ನೀರನ್ನ ಆಗಲೂ ನಾನು ಚೆಲ್ಲುತ್ತಾ ಇದ್ದೆ. ಇದರಿಂದ ಅಲ್ಲ," ಎಂದರು ಮಾವ.

ಸುಳ್ಳು. ಆ ಹುಡುಗ ಹೋಗುವ ತನಕ ಅವರು ಒಂದು ಹೂದಾನಿಯನ್ನೂ ಮುಟ್ಟಿದವರಲ್ಲ. ಅವಳು ನನ್ನ ಕಡೆ ತಿರುಗಿದಳು. ಅವಳಿಗೆ ನನ್ನ ನಾಲಿಗೆ ಗೊತ್ತು, ನಾನು ಯಾರ ಮುಲಾಜಿಗೂ ಸುಳ್ಳಾಡುವವಳಲ್ಲ ಎಂದೂ ಗೊತ್ತು. ನನ್ನ ಮಗು ಹೆಗಲ ಮೇಲೆ ಬಿಸಿಯುಸಿರು ಬಿಡುತ್ತಿತ್ತು.

"ಹೌದಕ್ಕ, ನಾನೇ ಕಣ್ಣಾರೆ ನೋಡಿದ್ದೀನಿ," ಎಂದೆ.

ಹೊಲಿಗೆ ಅಕ್ಕ ನೀರನ್ನು ನೆಲಕ್ಕೆ ಚೆಲ್ಲಿ, ಮರಳಿನ ಬುಟ್ಟಿಯ ಹತ್ತಿರ ಕೂತು, ಹಿಡಿ ಹಿಡಿಯಾಗಿ ತುಂಬಿದಳು. ಈಗ ಮಾವನೂ ಆ ಸಮಾಧಿಗಳ ನಡುವೆಯೇ ಮಲಗಿದ್ದಾರೆ. ಅವರ ಹೂದಾನಿಗೆ ಮರಳು ತುಂಬುವವಳೂ ಅವಳೇ.