ನಾಯಿ ಬೊಗಳದ ವಿಮಾನ

ಯುದ್ಧದ ಕಾಲ. ಡೇರೆ ಸಿನೆಮಾದ ಮಷೀನನ್ನು ಕೈಯಿಂದ ತಿರುಗಿಸುವ ಕೆಲಸ ನನ್ನದು. ಊರೂರಿಗೆ ತೋರಿಸುತ್ತಿದ್ದದ್ದು ವಿಮಾನವೊಂದು ಚಂದ್ರನಿಗೆ ಹಾರುವ ಮೂಕಿ ಚಿತ್ರ. ಹುಮನಾಬಾದಿಗೆ ಬರುವಷ್ಟರಲ್ಲಿ ದಿನಾ ಚಂದ್ರಲೋಕಕ್ಕೆ ಹೋಗಿ ಬಂದು ರಟ್ಟೆ ಸೋತಿತ್ತು. ಟಾಂಗಾ ಹೊಡೆಯುವ ಖಾಸಿಂಸಾಬರು ಮಾತ್ರ ತಪ್ಪದೆ ಬಂದು, ಆಟ ಮುಗಿದ ಮೇಲೆ ನನ್ನ ತಲೆ ತಿನ್ನುತ್ತಿದ್ದರು.

“ಇದೆಂಥಾ ವಿಮಾನರಿ? ಫೌಜಿನ ವಿಮಾನ ಬಂದ್ರ ನನ್ನ ಕುದುರಿ ಲಗಾಮು ಹರಕೊಳ್ತದ. ನಿಮ್ಮದಕ್ಕ ಒಂದು ನಾಯಿನೂ ಬೊಗಳಂಗಿಲ್ಲ!”

“ಹಂಗಾರ ನೋಡಬ್ಯಾಡ್ರಿ,” ಎಂದೆ.

ಆ ಊರಿನ ಕೊನೆಯ ಆಟದ ನಡುವೆ ಫೌಜಿನ ವಿಮಾನ ಡೇರೆಯ ಮೇಲೆಯೇ ಹಾದುಹೋಯಿತು. ಜನರೆಲ್ಲ ನೋಡಲು ಹೊರಗೆ ಓಡಿದರು. ಮಷೀನು ಬಿಟ್ಟು ನಾನೂ ಓಡಿದೆ.

ಒಳಗಿನಿಂದ ಖಾಸಿಂಸಾಬರು ಕೂಗಿದರು: “ಅದು ನಾಳೆನೂ ಬರ್ತದ್ರಿ! ನೀವು ನಾಳೆ ಡೇರೆ ಕಿತ್ಕೊಂಡು ಕಲ್ಯಾಣದ ಊರಿಗೆ ಹೋಗ್ತೀರಿ. ಬಂದು ತಿರುಗಸ್ರಿ, ನಾ ಇನ್ನೂ ಚಂದ್ರನ ಮ್ಯಾಲ ಇಳದಿಲ್ಲ!”

ರಟ್ಟೆ ನೋಯುತ್ತಿತ್ತು. ಆದರೆ ಆ ಮನುಷ್ಯನನ್ನು ನಡುದಾರಿಯಲ್ಲಿ ಬಿಡುವುದು ಹೇಗೆ?