ಹಳದಿಯಾದರೆ ಬದಲಿಸು

ಜೀವಕೋಶಗಳಿಗೆ ಊಟ ಹಾಕುವುದೇ ಅಕ್ಕನ ಕೆಲಸ. ಅದನ್ನೂ ಒಂದು ಕೆಲಸ ಅಂತ ನೆಂಟರಿಗೆ ಅರ್ಥ ಮಾಡಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು. ಇಪ್ಪತ್ತೆರಡು ವರ್ಷದಿಂದ ಅದೇ ಕಟ್ಟಡ, ಅದೇ ಮೂರನೆಯ ಮಹಡಿ. ಪ್ರಯೋಗಾಲಯದಲ್ಲಿ ಪ್ರೊಫೆಸರರನ್ನು ಬಿಟ್ಟು ಎಲ್ಲರಿಗೂ ಅವಳು ಅಕ್ಕ. ಬೆನ್ನ ಹಿಂದೆ ದಾದಿ. ಆ ಅಡ್ಡಹೆಸರು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಒಂದು ಗ್ರಂಥಿಯಿದೆ. ಅಲ್ಲಿಂದ ಎಂದೋ ತೆಗೆದ ಕೋಶಗಳು ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಕುಳಿಗಳಲ್ಲಿ, ಮೈಬಿಸಿಯಷ್ಟೇ ಬೆಚ್ಚಗಿನ ಪೆಟ್ಟಿಗೆಯೊಳಗೆ ಬೆಳೆಯುತ್ತಿದ್ದವು. ಮೈಯಲ್ಲಿದ್ದಾಗ ಮಾಡುತ್ತಿದ್ದ ಗಂಡು ಹಾರ್ಮೋನನ್ನು ಇಲ್ಲೂ ಮಾಡಿ, ತಾವು ಮುಳುಗಿರುವ ಗುಲಾಬಿ ಬಣ್ಣದ ನೀರಿಗೆ ಬಿಡುತ್ತಿದ್ದವು. ಆ ನೀರೇ ಅವುಗಳ ಊಟ. ತಿಂದು ಹುಳಿ ಕಾರಿದಂತೆ ನೀರು ಗುಲಾಬಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುತ್ತದೆ. ಹಳದಿಯಾದರೆ ಬದಲಿಸು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ಈ ಮಾತು ಈಗ ಅವಳ ತಲೆಯಲ್ಲಿರಲಿಲ್ಲ, ಬೆರಳುಗಳಲ್ಲಿತ್ತು.

ವಯಸ್ಸು ಐವತ್ತನಾಲ್ಕು. ಮಂಡಿ ನೋವು, ಬಗ್ಗಿ ಬಗ್ಗಿ ಕತ್ತು ನೋವು, ಒಂಬತ್ತು ವರ್ಷದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಬಿಳಿ ಮಾತ್ರೆ. ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ನಿಂತು, ಗೋಡೆಯ ಮೇಲಿನ ಸೂಚನೆಗಳನ್ನು ಓದುವವಳಂತೆ ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಅಲ್ಲಿನ ಸೂಚನೆಗಳೆಲ್ಲ ಅವಳಿಗೆ ಬಾಯಿಪಾಠ.

ಅದೇ ಮಾತ್ರೆಯನ್ನು ಮಗಳಿಗೂ ಬರೆದುಕೊಟ್ಟಿದ್ದರು. ಮಗಳಿಗೆ ಸಕ್ಕರೆ ಕಾಯಿಲೆಯಿಲ್ಲ. ಮೈಯಲ್ಲಿ ಗಂಡು ಹಾರ್ಮೋನು ಹೆಚ್ಚಾಗಿ, ಮುಟ್ಟು ಮೂರು ತಿಂಗಳಿಗೊಮ್ಮೆ. ಗಲ್ಲದ ಮೇಲೆ ಗಡುಸು ಕೂದಲು. ಕನ್ನಡಕದ ಅಂಗಡಿಯಲ್ಲಿ ಕೆಲಸ, ದಿನವಿಡೀ ಕನ್ನಡಿಗಳ ನಡುವೆ. ಬೆಳಿಗ್ಗೆ ಚಿಮಟ ಹಿಡಿದು ಕಿಟಕಿಯ ಬೆಳಕಿಗೆ ಕೂರುತ್ತಿದ್ದಳು. ಅಮ್ಮನ ಆಸ್ತಿ ಅಂತ ತನಗೆ ಬಂದಿರುವುದು ಇದೊಂದು ಮಾತ್ರೆ ಎಂದು ತಮಾಷೆ ಮಾಡುತ್ತಿದ್ದಳು. ಆದರೆ ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಇನ್ನು ನುಂಗೋದಿಲ್ಲ ಅಂತ ವಾರಕ್ಕೊಮ್ಮೆ ಹಟ ಹಿಡಿಯುತ್ತಿದ್ದಳು.

ಹಾಗಾಗಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಅದೇ ಔಷಧವನ್ನು ಆ ಕೋಶಗಳ ಮೇಲೆ ಪ್ರಯೋಗಿಸಲು ಹೊರಟಾಗ ಅಕ್ಕ ಎರಡು ಕಿವಿಯನ್ನೂ ತೆರೆದಿಟ್ಟಳು. ಹುಡುಗಿ ಸಾವಧಾನದವಳು, ಅಕ್ಕನಿಗೂ ಬಿಡಿಸಿ ಹೇಳುತ್ತಿದ್ದಳು. ಪ್ರತಿ ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಒಲೆಗಳಿವೆ. ಈ ಔಷಧ ಒಲೆಯ ಉರಿಯನ್ನು ತಗ್ಗಿಸುತ್ತದೆ. ಶಕ್ತಿ ಸಾಲದಾದಾಗ ಕೋಶದೊಳಗಿನ ಕಾವಲುಗಾರನೊಬ್ಬ ಎಚ್ಚೆತ್ತು, ಬದುಕಲು ಬೇಕೇಬೇಕಾದ್ದನ್ನು ಬಿಟ್ಟು ಉಳಿದ ಕೆಲಸಕ್ಕೆಲ್ಲ ಕತ್ತರಿ ಹಾಕುತ್ತಾನೆ. ಹಾರ್ಮೋನು ತಯಾರಿಕೆಯ ಕೆಲವು ಹಂತಗಳು ನಡೆಯುವುದೂ ಆ ಒಲೆಗಳಲ್ಲೇ. ಹಾಗಾಗಿ ಅದೂ ತಗ್ಗಬೇಕು. ಎಷ್ಟು ತಗ್ಗುತ್ತದೆ ಎಂಬುದೇ ಪ್ರಶ್ನೆ.

ಅಕ್ಕನಿಗೆ ಇದು ತಟ್ಟನೆ ಅರ್ಥವಾಯಿತು. ಸುಸ್ತಾದ ದಿನ ಅವಳೂ ಅನ್ನ ಬೇಯಿಸುತ್ತಿದ್ದಳು, ಬಟ್ಟೆ ಮಡಚುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಡುಗಿ ತಟ್ಟೆಯ ಎರಡು ಸಾಲಿಗೆ ಔಷಧ ಬೆರೆಸಿದ ನೀರು, ಇನ್ನೆರಡು ಸಾಲಿಗೆ ಬರೀ ನೀರು ಹಾಕಿ ಹೋದಳು. ಸೋಮವಾರ ಬೆಳಿಗ್ಗೆ ಆ ನೀರನ್ನು ತೆಗೆದು ಹಾರ್ಮೋನು ಅಳೆಯಲು ಕಳಿಸಿದಳು. ವಾರದ ಮೇಲೆ ಲೆಕ್ಕ ಬಂತು. ಬರೀ ನೀರಿನಲ್ಲಿ ನೂರಿದ್ದರೆ ಔಷಧದ ನೀರಿನಲ್ಲಿ ಇಪ್ಪತ್ತೈದು. ಪ್ರೊಫೆಸರರು ಕುರ್ಚಿಯಿಂದ ಎದ್ದುಬಂದು ಆ ಹಾಳೆಯನ್ನು ನೋಡಿದರು. ಮುಂದಿನ ತಿಂಗಳ ಸಮ್ಮೇಳನಕ್ಕೆ ಸಾರಾಂಶ ಕಳಿಸಿಯೂಬಿಟ್ಟರು. ಅಕ್ಕ ಮನೆಗೆ ಹೋಗಿ ಮಗಳಿಗೆ ಹೇಳಿದಳು. ನೂರಿದ್ದದ್ದು ಇಪ್ಪತ್ತೈದು, ನಮ್ಮಲ್ಲೇ, ನನ್ನ ಕೋಶಗಳಲ್ಲೇ. ಆ ರಾತ್ರಿಯಿಂದ ಮಗಳು ತಕರಾರಿಲ್ಲದೆ ಮಾತ್ರೆ ನುಂಗತೊಡಗಿದಳು.

ಎರಡನೆಯ ಸಲದ ಪ್ರಯೋಗ ಸೋಮವಾರ ಶುರುವಾಗಿ ಗುರುವಾರ ಮುಗಿಯಿತು. ಔಷಧದ ನೀರಿನಲ್ಲಿ ಎಪ್ಪತ್ತೈದು. ಹುಡುಗಿ ಮತ್ತೆ ಅಳೆಸಿದಳು. ಎಪ್ಪತ್ತನಾಲ್ಕು. ಪ್ರೊಫೆಸರರು ಹಾಳೆಯನ್ನು ತಿರುಗಿಸಿಟ್ಟು, ಮೊದಲನೆಯದು ಸರಿಯಿದೆ, ಈ ಸಲ ನಿನ್ನ ಕೈ ನಡುಗಿದೆ ಎಂದರು. ಕೈ ನಡುಗುವವರು ಬೇರೆ ವಿಷಯ ಆರಿಸಿಕೊಳ್ಳುವುದು ಒಳ್ಳೆಯದು ಎಂದೂ ಸೇರಿಸಿದರು.

ಹುಡುಗಿ ತೊಳೆದಿಟ್ಟ ಗಾಜಿನ ಬಾಟಲಿಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು. ಅಕ್ಕ ಚಹಾ ತಂದುಕೊಟ್ಟು, ಸುಮ್ಮನೆ ಮಾತಿಗೆ, ಅಳೆಯುವುದು ಯಾವ ಹೊತ್ತಿನ ಹಾರ್ಮೋನನ್ನು ಎಂದು ಕೇಳಿದಳು.

"ಮೂರೂ ದಿನದ್ದು ಅಕ್ಕ. ಸೋರೋ ನಲ್ಲಿ ಕೆಳಗೆ ಬಕೆಟ್ ಇಟ್ಟ ಹಾಗೆ. ಮೂರು ದಿನ ತೊಟ್ಟಿಕ್ಕಿದ್ದೆಲ್ಲ ಆ ನೀರಲ್ಲೇ ಇರುತ್ತೆ. ಮಧ್ಯದಲ್ಲಿ ಯಾರೂ ಮುಟ್ಟಬಾರದು, ಅಷ್ಟೇ."

ಅಕ್ಕ ತನ್ನ ಚಹಾ ಲೋಟವನ್ನು ಮೇಜಿನ ಮೇಲಿಟ್ಟಳು.

ಮೊದಲ ಪ್ರಯೋಗದ ಆ ಭಾನುವಾರ ಹುಡುಗಿಗೆ ಜ್ವರ. ಉಳಿದ ಕೋಶಗಳಿಗೆ ಊಟ ಹಾಕಲು ಅಕ್ಕ ಒಬ್ಬಳೇ ಬಂದಿದ್ದಳು. ಪೆಟ್ಟಿಗೆ ತೆರೆದರೆ ಕೆಳಗಿನ ತಟ್ಟೆಯಲ್ಲಿ ಎರಡು ಸಾಲು ಗುಲಾಬಿ, ಎರಡು ಸಾಲು ಹಳದಿ. ಒಲೆ ತಗ್ಗಿದ ಕೋಶ ಬೇರೆ ದಾರಿಯಿಲ್ಲದೆ ಸಕ್ಕರೆಯನ್ನು ಅವಸರವಸರವಾಗಿ ಮುರಿದು ಹುಳಿ ಕಾರುತ್ತದೆ. ಔಷಧ ತನ್ನ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಆ ಹಳದಿಯೇ ಗುರುತು. ಅಕ್ಕನಿಗೆ ಮಾತ್ರ ಕಂಡದ್ದು ಹಸಿದ ಕೋಶಗಳು. ಪಾಪ ಅಂದುಕೊಂಡು, ಔಷಧದ ಚೀಟಿ ಇದ್ದ ಬಾಟಲಿಯಿಂದಲೇ ಹೊಸ ನೀರು ಹಾಕಿ, ಹಳೆಯದನ್ನು ಚೆಲ್ಲಿದ್ದಳು. ಎರಡು ದಿನದ ಹಾರ್ಮೋನು ತೊಟ್ಟಿಯ ಪಾಲಾಗಿತ್ತು. ಮೇಜು ಒರೆಸಿದ್ದನ್ನು ಯಾರಾದರೂ ಹೇಳಿಕೊಳ್ಳುತ್ತಾರೆಯೇ? ಅವಳೂ ಹೇಳಿರಲಿಲ್ಲ.

ಆಗಲೂ ಹೇಳಲಿಲ್ಲ. ಚಹಾ ಲೋಟ ತೊಳೆದಿಟ್ಟು ಮನೆಗೆ ಹೋದಳು. ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತು ಯೋಚಿಸಿದಳು. ಬಾಯಿ ಬಿಟ್ಟರೆ ಬಣ್ಣಗೇಡು. ಕೋಶಗಳನ್ನು ಅಕ್ಕನ ಕೈಗೆ ಕೊಟ್ಟರೆ ನಿಶ್ಚಿಂತೆ ಅನ್ನುವ ಒಂದು ಹೆಸರು ಬಿಟ್ಟರೆ ಅವಳು ಬೇರೇನೂ ಗಳಿಸಿರಲಿಲ್ಲ. ಬಾಯಿ ಬಿಡದಿದ್ದರೆ ಆ ಹುಡುಗಿ ಜೀವಮಾನವಿಡೀ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ಮಗಳು ಮಾತ್ರೆ ನುಂಗಿ, ಹೊಟ್ಟೆ ಒತ್ತಿಹಿಡಿದು ಗೋಡೆಗೆ ಒರಗಿ ಕೂತಿದ್ದಳು.

ಮರುದಿನ ಬೆಳಿಗ್ಗೆ ಎರಡನೆಯ ಮಹಡಿಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಆಮೇಲೆ ಹೋಗಿ, ಕೈಗವಸು ಹಾಕಿಕೊಳ್ಳುತ್ತಿದ್ದ ಹುಡುಗಿಯ ಎದುರು ಸ್ಟೂಲು ಎಳೆದು ಕೂತಳು.

"ಭಾನುವಾರ ನಾನು ನೀರು ಬದಲಿಸಿದ್ದೆ ಕಣಮ್ಮ. ನಿನ್ನ ಔಷಧದ ಸಾಲು. ಹಳದಿಯಾಗಿತ್ತು."

ಹುಡುಗಿ ಒಂದು ಕೈಗೆ ಗವಸು ಹಾಕಿಕೊಂಡವಳು ಇನ್ನೊಂದನ್ನು ಹಾಗೇ ಹಿಡಿದು ಕೂತಳು. ಯಾವ ಭಾನುವಾರ, ಎಷ್ಟು ಹೊತ್ತಿಗೆ, ಗುಲಾಬಿ ಸಾಲು ಮುಟ್ಟಿದಿರಾ ಎಂದು ಒಂದೊಂದಾಗಿ ಕೇಳಿದಳು. ಬೆಳಿಗ್ಗೆ ಹತ್ತಕ್ಕೆ, ಮುಟ್ಟಲಿಲ್ಲ ಎಂದಳು ಅಕ್ಕ. ಹುಡುಗಿ ಪೆನ್ನು ತೆಗೆದು ಗವಸಿನ ಮೇಲೆಯೇ ಬರೆದಳು. ಮೂರು ದಿನಕ್ಕೆ ಎಪ್ಪತ್ತೈದು. ಉಳಿದದ್ದು ಒಂದು ದಿನದ್ದು. ಎಪ್ಪತ್ತೈದನ್ನು ಮೂರರಿಂದ ಭಾಗಿಸಿದಳು. ತನ್ನ ಕೈಯನ್ನೇ ಬಹಳ ಹೊತ್ತು ನೋಡಿದಳು.

"ಹಂಗಾದ್ರೆ ನನ್ನ ಕೈ ನಡುಗಿರಲಿಲ್ಲ ಅಕ್ಕ."

"ಇಲ್ಲ. ನನ್ನದೂ ನಡುಗಲಿಲ್ಲ. ಅದೇ ಬಂದದ್ದು ತೊಂದರೆ."

ಹುಡುಗಿಗೆ ನಗು ಬಂತು, ಕಣ್ಣೂ ತುಂಬಿತು.

ಇಬ್ಬರೂ ಪ್ರೊಫೆಸರರ ಕೋಣೆಗೆ ಹೋದರು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದರು. ಸಾರಾಂಶವನ್ನು ವಾಪಸು ಪಡೆಯಬೇಕು. ಮೂರನೆಯ ಸಲ ಮಾಡಿ, ಎಪ್ಪತ್ತೈದೇ ಬಂದರೆ ಎಪ್ಪತ್ತೈದು ಅಂತಲೇ ಬರೆಯಬೇಕು. ಹುಡುಗಿಯ ಕಡೆ ತಿರುಗಿ, ಕೈಯ ವಿಷಯ ಅಂದದ್ದನ್ನು ಮರೆತುಬಿಡು ಎಂದರು. ಅಕ್ಕನಿಗೆ, ಇನ್ನು ಪ್ರಯೋಗದ ತಟ್ಟೆಗಳು ನಿಮ್ಮ ಜವಾಬ್ದಾರಿಯಲ್ಲ, ಉಳಿದ ಕೋಶಗಳನ್ನು ನೋಡಿಕೊಂಡರೆ ಸಾಕು ಎಂದರು. ಅಕ್ಕ ತಲೆಯಾಡಿಸಿದಳು. ಆ ಮಾತಿನಲ್ಲಿ ಅನ್ಯಾಯವಿರಲಿಲ್ಲ.

ಸಂಜೆ ಮಗಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ನಾನು ನೀರು ಬದಲಿಸಿ ಕೆಡಿಸಿದ್ದೆ; ಇಪ್ಪತ್ತೈದಲ್ಲ, ಎಪ್ಪತ್ತೈದು. ಅದೂ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅಲ್ಲಿ ಹಾಕಿದ ಔಷಧದ ಪ್ರಮಾಣ ಮೈಯೊಳಗೆ ಸೇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ನಿನ್ನ ಮೈಯಲ್ಲಿ ಎಷ್ಟು ತಗ್ಗುತ್ತೋ ನನಗೆ ಗೊತ್ತಿಲ್ಲ, ಡಾಕ್ಟರನ್ನೇ ಕೇಳಬೇಕು ಎಂದಳು.

ಮಗಳು ಮಾತ್ರೆಯ ಹಾಳೆಯನ್ನು ಬೆರಳಲ್ಲಿ ಮಡಚುತ್ತ ಕೂತಿದ್ದಳು.

"ಹೋದ ಸಲ ಮುಟ್ಟು ಒಂದೂವರೆ ತಿಂಗಳಿಗೇ ಬಂತಲ್ಲಮ್ಮ. ಅದನ್ನೂ ನೀನೇ ಬದಲಿಸಿದ್ಯಾ?"

ಅಕ್ಕ ನೀರಿನ ಲೋಟವನ್ನು ಅವಳ ಕಡೆ ಸರಿಸಿದಳು.

ಮೂರನೆಯ ಪ್ರಯೋಗ ಬೇಕೆಂದೇ ಶುಕ್ರವಾರ ಶುರುವಾಯಿತು. ಭಾನುವಾರ ಅಕ್ಕ ಪೆಟ್ಟಿಗೆ ತೆರೆದಾಗ ಕೆಳಗಿನ ತಟ್ಟೆಗೆ ಚೀಟಿ ಅಂಟಿಸಿತ್ತು: "ಹಳದಿಯಾಗಲಿ ಬಿಡಿ ಅಕ್ಕ." ಎರಡು ಸಾಲು ಹಳದಿಯಾಗಿತ್ತು, ಮೊದಲ ಸಲದಷ್ಟೇ ಹಳದಿ. ಅವಳ ಬೆರಳು ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡಳು. ತನ್ನ ಕೋಶಗಳಿಗೆ ಊಟ ಹಾಕಿ, ಆ ತಟ್ಟೆಯನ್ನು ಇನ್ನೊಮ್ಮೆ ನೋಡದೆ ಬಾಗಿಲು ಮುಚ್ಚಿ, ಮೂರು ಮಹಡಿ ಇಳಿಯುವ ಮೊದಲು ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಳು.