ದೊಡ್ಡಮ್ಮನ ಮಂಡಿ ಮತ್ತು ಗಾಡಿಯ ಎತ್ತರ

ನಿವೃತ್ತಿಯಾದ ಮೇಲೆ ನನ್ನ ಜೊತೆಯ ಹೆಂಗಸರಲ್ಲಿ ಒಬ್ಬರು ವೀಣೆ ಕ್ಲಾಸಿಗೆ ಸೇರಿದರು, ಇಬ್ಬರು ಯೋಗಕ್ಕೆ ಸೇರಿದರು, ಇನ್ನೊಬ್ಬರು ಬಾಲ್ಕನಿಯಲ್ಲಿ ಟೊಮೆಟೊ ಬೆಳೆದು ಅದರ ಫೋಟೊವನ್ನು ದಿನಾ ಬೆಳಿಗ್ಗೆ ಎಲ್ಲರಿಗೂ ಕಳಿಸತೊಡಗಿದರು. ನಾನು ಕೆಸರಿಗೆ ಇಳಿದೆ. ಇದು ಅಲಂಕಾರದ ಮಾತಲ್ಲ. ಜಯನಗರದ ಕಾಲೇಜಿನಲ್ಲಿ ಆಯುಷ್ಯವೆಲ್ಲ ಭೌತಶಾಸ್ತ್ರ ಹೇಳಿಕೊಟ್ಟು, ಘರ್ಷಣೆ ಎಂಬುದನ್ನು ಬರಿಯ ಕಪ್ಪುಹಲಗೆಯ ಮೇಲೆ ಕಂಡಿದ್ದ ನನಗೆ, ಅದು ಇಲ್ಲದ ಕಡೆ ಗಾಡಿ ಓಡಿಸಿದರೆ ಏನಾಗುತ್ತದೆ ಎಂದು ನೋಡುವ ಆಸೆ ಹುಟ್ಟಿತು. ರಸ್ತೆ ಇರುವ ಊರಿನಲ್ಲಿ ಇದ್ದುಕೊಂಡು, ರಸ್ತೆ ಇಲ್ಲದ ಜಾಗ ಹುಡುಕಿಕೊಂಡು ಹೋಗಿ, ಅಲ್ಲಿ ಗಾಡಿಯನ್ನು ಸಿಕ್ಕಿಹಾಕಿಸಿ, ಮತ್ತೆ ಬಿಡಿಸಿಕೊಂಡು ಮನೆಗೆ ಬರುವ ಈ ಕ್ರೀಡೆಗೆ ಆಫ್‌ರೋಡಿಂಗ್ ಎನ್ನುತ್ತಾರೆ. ಅದಕ್ಕೆಂದೇ ಒಂದು ಗುಂಪಿದೆ. ಭಾನುವಾರಗಳಲ್ಲಿ ಕನಕಪುರ ರಸ್ತೆಯಿಂದ ಒಳಕ್ಕೆ ಯಾರದೋ ಪಾಳು ಜಮೀನಿನಲ್ಲಿ ಸೇರುತ್ತೇವೆ. ಪ್ರಸನ್ನ ಎಂಬ ದಂತವೈದ್ಯರು ನಮಗೆ ಗುರುಗಳು.

ನನ್ನ ಎಸ್‌ಯುವಿಗೆ ಹದಿಮೂರು ವರ್ಷ. ನಮ್ಮ ತ್ಯಾಗರಾಜನಗರದ ರಸ್ತೆಯಲ್ಲಿ ಅದು ಸ್ಟಾರ್ಟ್ ಆದರೆ ಎದುರು ಮನೆಯವರ ಕುಕ್ಕರಿನ ಶಿಳ್ಳೆ ಅವರಿಗೇ ಕೇಳಿಸುವುದಿಲ್ಲ. ಅದಕ್ಕೆ ದೊಡ್ಡ ಟಯರು, ಎತ್ತರದ ಸಸ್ಪೆನ್ಷನ್ನು, ಹಗ್ಗ ಎಳೆಯುವ ವಿಂಚು ಎಲ್ಲ ಹಾಕಿಸಿ ಕೆಸರಿಗೆ ಯೋಗ್ಯವಾಗಿ ಮಾಡುವುದೋ, ಅಥವಾ ಅದನ್ನು ಮಾರಿ ಹೊಸದೊಂದನ್ನು ತರುವುದೋ ಎಂಬ ಪ್ರಶ್ನೆ ಒಂದು ವರ್ಷದಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಪಕ್ಕದಲ್ಲೇ ಕೂತಿತ್ತು. ನನ್ನ ಗಂಡ ವಿಮಾ ಕಂಪನಿಯಲ್ಲಿದ್ದವರು. ಅವರ ಕಣ್ಣಿಗೆ ಗಾಡಿ ಎಂದರೆ ಇನ್ನೂ ಆಗದಿರುವ ಅಪಘಾತ. ಹೊಸದಾದರೆ ಏರ್‌ಬ್ಯಾಗುಗಳಾದರೂ ಹೆಚ್ಚಿಗೆ ಇರುತ್ತವೆ ಎಂಬುದು ಅವರ ವಾದ. ನನಗೆ ಹಳೆಯದರ ಮೇಲೆ ಮೋಹ. ಮೋಹಕ್ಕೆ ವಾದ ಇರುವುದಿಲ್ಲವಾದ್ದರಿಂದ ನಾನು ಸುಮ್ಮನೆ ಜೆ.ಪಿ. ನಗರದ ಮೆಕ್ಯಾನಿಕ್ ಮುನ್ನಾನ ಬಳಿ ಹೋದೆ.

"ಮೊದಲು ಟಯರು, ಸಸ್ಪೆನ್ಷನ್ನು ಮಾಡ್ಬಿಡೋಣ ಮೇಡಂ," ಎಂದ ಮುನ್ನಾ. "ಎತ್ತಿ ನಿಲ್ಸಿದ್ರೆ ಸಖತ್ತಾಗಿರತ್ತೆ. ವಿಂಚು ಆಮೇಲೆ ನೋಡ್ಕೊಳ್ಳೋಣ."

ಎತ್ತಿ ನಿಲ್ಲಿಸಿದ. ನಿಜಕ್ಕೂ ಸಖತ್ತಾಗಿತ್ತು. ನಾನು ದೊಡ್ಡಮ್ಮನನ್ನು ಮರೆತಿದ್ದೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ನಮ್ಮ ಮನೆಗೆ ಹತ್ತಿರದ ಶ್ರೀನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ವಯಸ್ಸು ಎಂಬತ್ತು ದಾಟಿದೆ. ಕಣ್ಣು, ಕಿವಿ, ಹಲ್ಲು, ಬಾಯಿ ನಾಲ್ಕೂ ಗಟ್ಟಿ. ಮಂಡಿ ಮಾತ್ರ ಹೋಗಿದೆ. ಮಗ ಸೊಸೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹೀಗಾಗಿ ಪ್ರತಿ ಸೋಮವಾರ ನಾನು ಹೋಗಿ ಅವಳನ್ನು ವಸಂತಪುರದ ಒಂದು ಸಣ್ಣ ಶಿವನ ಗುಡಿಗೆ ಕರೆದುಕೊಂಡು ಹೋಗುತ್ತೇನೆ. ಗುಡಿಯಲ್ಲಿ ಹತ್ತು ನಿಮಿಷ, ಆಮೇಲೆ ಹೋಟೆಲಿನಲ್ಲಿ ಬಹಳ ಹೊತ್ತು. ಅವಳಿಗೆ ವಾರವೆಂದರೆ ಅದೇ.

ಆ ಸೋಮವಾರ ಅವಳು ಗಾಡಿಯ ಬಾಗಿಲು ತೆರೆದು, ಸೀಟು ಎಲ್ಲಿದೆ ಎಂದು ತಲೆಯೆತ್ತಿ ನೋಡಿದಳು. ಒಂದು ಕಾಲು ಎತ್ತಿದಳು, ಇಳಿಸಿದಳು.

"ನಾನು ಬರಲ್ಲ ಬಿಡು. ನೀನು ಹೋಗ್ಬಾ," ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯದೆ ಒಳಕ್ಕೆ ಹೋಗಿ ಟಿವಿ ಹಾಕಿದಳು. ಅವಳು ಹಗಲು ಹೊತ್ತು ಟಿವಿ ಹಾಕುವುದನ್ನು ನಾನು ಎಂದೂ ಕಂಡಿರಲಿಲ್ಲ.

ಮುಂದಿನ ವಾರ ನನ್ನ ಗಂಡ ತಮ್ಮ ಸಣ್ಣ ಕಾರಿನಲ್ಲಿ ಕರೆದುಕೊಂಡು ಹೋಗಲು ಸಿದ್ಧರಾದರು. ಆ ಕಾರಿನೊಳಗೆ ಕೂರುವುದೆಂದರೆ ಬಾವಿಗಿಳಿದಂತೆ, ಹತ್ತುವಾಗ ಬಂದ ನೋವೇ ಇಳಿಯುವಾಗಲೂ ಬರುತ್ತದೆ ಎಂದು ದೊಡ್ಡಮ್ಮ ಅದನ್ನು ಹಿಂದೆಯೇ ತಿರಸ್ಕರಿಸಿದ್ದಳು. ಪ್ರಪಂಚದ ವಾಹನಗಳೆಲ್ಲ ಅವಳ ಮಂಡಿಗಿಂತ ಒಂದೋ ಮೇಲೆ, ಇಲ್ಲ ಕೆಳಗೆ. ಸಮಸಮ ಇದ್ದದ್ದು ನನ್ನ ಗಾಡಿ ಒಂದೇ. ಅದನ್ನೇ ನಾನು ಮೇಲೆತ್ತಿಸಿದ್ದೆ. ಆನೆಯಾದರೆ ಮಾವುತ ಹೇಳಿದಾಗ ಮಂಡಿಯೂರುತ್ತದೆ. ಮನುಷ್ಯ ಅಷ್ಟೆಲ್ಲ ಯಂತ್ರ ಕಂಡುಹಿಡಿದು, ಮುದುಕರನ್ನು ಕಂಡು ಬಗ್ಗುವ ಒಂದು ವಾಹನ ಕಂಡುಹಿಡಿಯಲಿಲ್ಲವಲ್ಲ ಎಂದು ನಾನು ಯೋಚಿಸುತ್ತ ನಿಂತಾಗ ದೊಡ್ಡಮ್ಮನೇ ದಾರಿ ತೋರಿಸಿದಳು. ಅವರ ಮನೆಯ ಮುಂದೆ ಹಳೆಯ ಕಾಲದ ಕಲ್ಲಿನ ಕಟ್ಟೆ ಇದೆ. ಒಳಗಿನಿಂದ ಬಂದರೆ ನೆಲದ ಮಟ್ಟಕ್ಕೇ ಇರುತ್ತದೆ, ಬೀದಿಯ ಕಡೆಯಿಂದ ಎತ್ತರ. "ಗಾಡೀನ ಇದಕ್ಕೆ ಆನಿಸಿ ನಿಲ್ಸು," ಎಂದಳು. ನಿಲ್ಲಿಸಿದೆ. ಅವಳು ರೈಲು ಹತ್ತುವವರ ಹಾಗೆ ಕಟ್ಟೆಯಿಂದ ನೇರವಾಗಿ ಒಳಗೆ ನಡೆದು ಕೂತಳು.

ಇಳಿಯುವ ಕಡೆಯೂ ಕಟ್ಟೆ ಬೇಕಲ್ಲ. ವಸಂತಪುರದ ಗುಡಿಗೆ ಜಗಲಿ ಇತ್ತು, ಶಿವ ದೊಡ್ಡವನು. ಹೋಟೆಲ್ ಮಾತ್ರ ಬದಲಾಯಿಸಬೇಕಾಯಿತು. ದೋಸೆ ಚೆನ್ನಾಗಿದ್ದ ಹೋಟೆಲಿಗೆ ಕಟ್ಟೆ ಇರಲಿಲ್ಲ, ಕಟ್ಟೆ ಚೆನ್ನಾಗಿದ್ದ ಹೋಟೆಲಿನಲ್ಲಿ ದೋಸೆ ಚರ್ಮದಂತಿತ್ತು. ದೊಡ್ಡಮ್ಮ ಕಟ್ಟೆಯ ಪಕ್ಷ ವಹಿಸಿದಳು. ನಾನು ಬನಶಂಕರಿಯಲ್ಲಾಗಲಿ ಜಯನಗರದಲ್ಲಾಗಲಿ ಯಾವ ಕಟ್ಟಡ ಕಂಡರೂ ಮೊದಲು ಅದರ ಕಟ್ಟೆಯನ್ನು ನೋಡತೊಡಗಿದೆ. ಒಂದು ಮದುವೆಗೆ ಕಲ್ಯಾಣಮಂಟಪದ ಎತ್ತರ ಸರಿಹೋಗಲಿಲ್ಲವೆಂದು ಹೋಗಲಿಲ್ಲ. ಪರಿಚಯವೇ ಇಲ್ಲದವರ ಗೃಹಪ್ರವೇಶಕ್ಕೆ, ಜಗಲಿ ಬಹಳ ಅನುಕೂಲವಾಗಿದೆಯೆಂದು ದೊಡ್ಡಮ್ಮ ಒತ್ತಾಯಿಸಿದ್ದಕ್ಕೆ, ಇಳಿದು ಹೋಳಿಗೆ ತಿಂದು ಬಂದೆವು.

"ಇದು ಹೀಗೇ ನಡೆಯಲ್ಲ," ಎಂದು ನನ್ನ ಗಂಡ ಒಂದು ದಿನ ಹೊಸ ಗಾಡಿಯೊಂದನ್ನು ಪರೀಕ್ಷೆಗೆಂದು ಶ್ರೀನಗರಕ್ಕೇ ತರಿಸಿದರು. ಜೊತೆಗೆ ಟೈ ಕಟ್ಟಿದ ಒಬ್ಬ ಸೇಲ್ಸ್‌ಮನ್ ಬಂದಿದ್ದರು. ಒಂದು ಗುಂಡಿ ಒತ್ತಿದರೆ ಕೆಸರು, ಇನ್ನೊಂದು ಒತ್ತಿದರೆ ಮರಳು, ಮತ್ತೊಂದು ಒತ್ತಿದರೆ ಹಿಮ ಎಂದು ವಿವರಿಸಿದರು. ಹತ್ತಲು ಪಕ್ಕದಲ್ಲಿ ಮೆಟ್ಟಿಲಿತ್ತು. ಮೆಟ್ಟಿಲು ಹತ್ತಲು ಆಗಿದ್ದರೆ ಇಷ್ಟು ದಿನ ಯಾಕೆ ಕಷ್ಟಪಡುತ್ತಿದ್ದೆ ಎಂದು ದೊಡ್ಡಮ್ಮ ಕಟ್ಟೆಯ ಮೇಲೆಯೇ ನಿಂತಳು. ಸರಿ, ಗಾಡಿಯನ್ನು ಕಟ್ಟೆಗೆ ಆನಿಸಲು ಹೋದೆ. ಅದು ಕೂಗಿಕೊಂಡಿತು. ಇನ್ನಷ್ಟು ಹತ್ತಿರ ಹೋದೆ. ತಾನೇ ಬ್ರೇಕು ಹಾಕಿಕೊಂಡು ನಿಂತುಬಿಟ್ಟಿತು.

"ಸೇಫ್ಟಿ ಮೇಡಂ," ಎಂದರು ಸೇಲ್ಸ್‌ಮನ್. "ಗೋಡೆಗೆ ತಾಗೋಕೆ ಅದು ಬಿಡಲ್ಲ."

"ತಾಗ್ಲೇಬೇಕಲ್ಲ," ಎಂದೆ.

ಅವರು ಪರದೆಯ ಮೇಲೆ ಬೆರಳಾಡಿಸಿ ಅದನ್ನು ಆಫ್ ಮಾಡಲು ನೋಡಿದರು. ಕೂಗು ನಿಂತು ಹಾಡು ಶುರುವಾಯಿತು. ಹಾಡು ನಿಲ್ಲಿಸಿದರೆ ವೈಪರು ಆಡಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಬ್ರೇಕು. ದೊಡ್ಡಮ್ಮ ಇದನ್ನೆಲ್ಲ ಗಂಭೀರವಾಗಿ ನೋಡುತ್ತಿದ್ದಳು.

"ಅದಕ್ಕೆ ನನ್ನ ಕರ್ಕೊಂಡು ಹೋಗೋಕೆ ಇಷ್ಟ ಇಲ್ಲ," ಎಂದಳು. "ಪಾಪ, ಬಲವಂತ ಮಾಡ್ಬೇಡಿ."

ಹೊಸದು ಹಿಂದಕ್ಕೆ ಹೋಯಿತು. ಹಳೆಯದು ಎತ್ತರದಲ್ಲೇ ಉಳಿಯಿತು. ಹೀಗೆ ಯಾವುದೂ ತೀರ್ಮಾನವಾಗದೆ ಮಳೆಗಾಲ ಬಂತು. ಪ್ರಸನ್ನ ಅವರು ಆ ವರ್ಷದ ಮೊದಲ ಕೆಸರಿಗೆ ಕರೆದರು. ನಾನು ಹೊರಡುವ ಹಿಂದಿನ ದಿನ ದೊಡ್ಡಮ್ಮನ ಫೋನು.

"ನನ್ನ ಮಂಡಿ ಲೆಕ್ಕಕ್ಕೆ ತಗೊಳ್ದೆ ಗಾಡಿ ಎತ್ತರ ಮಾಡ್ಸಿದೀಯಲ್ಲ, ಅದ್ರಲ್ಲಿ ಏನು ಮಾಡ್ತೀಯೋ ಒಂದ್ಸಲ ನೋಡ್ಬೇಕು ಕಣೇ. ನಾನೂ ಬರ್ತೀನಿ."

"ಅಲ್ಲಿ ಕಟ್ಟೆ ಇಲ್ಲ ದೊಡ್ಡಮ್ಮ."

"ನಾನೆಲ್ಲಿ ಇಳೀತೀನಿ ಅಂದೆ? ಒಳಗೇ ಕೂತಿರ್ತೀನಿ."

ದೊಡ್ಡಮ್ಮ ಬರುತ್ತಾಳೆಂದ ಮೇಲೆ ನನ್ನ ಗಂಡನೂ ಬಂದರು, ಇನ್ನೂ ಆಗದ ಅಪಘಾತಕ್ಕೆ ಸಾಕ್ಷಿಯಾಗಿ. ಕೆಸರಿನಲ್ಲಿ ನಾನು ಮೊದಲ ಇಳಿಜಾರು ಚೆನ್ನಾಗಿಯೇ ದಾಟಿದೆ. ಎರಡನೆಯದರ ತಳದಲ್ಲಿ, ಹೊಲದ ಬದುವಿನ ಪಕ್ಕದಲ್ಲಿ, ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟು ಹೊಟ್ಟೆಯವರೆಗೆ ಹೂತುಕೊಂಡಿತು. ಎಲ್ಲರೂ ಹಗ್ಗ ತರಲು ಓಡಿದರು. ದೊಡ್ಡಮ್ಮ ತನ್ನ ಕಡೆಯ ಬಾಗಿಲು ತೆರೆದು ನೋಡಿದಳು. ಹುಲ್ಲು ಬೆಳೆದ ಗಟ್ಟಿ ಬದು ಅವಳ ಪಾದದ ಮಟ್ಟಕ್ಕೇ ಇತ್ತು.

"ಈಗ ಸರಿಯಾದ ಎತ್ತರಕ್ಕೆ ಬಂತು," ಎಂದು ಇಳಿದು ಹೋದಳು.

ಬದುವಿನ ಮೇಲೆ ಜಮಖಾನ ಹಾಸಿ ಕೂತು, ತಂದಿದ್ದ ಚಿತ್ರಾನ್ನವನ್ನು ಹಗ್ಗ ಎಳೆಯುವವರಿಗೆಲ್ಲ ಹಂಚಿದಳು. ಒಂದು ಗಂಟೆ ಒದ್ದಾಡಿ ಅವರು ಗಾಡಿಯನ್ನು ಮೇಲಕ್ಕೆಳೆದು ಕೆಸರಿನ ಆಚೆ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ದೊಡ್ಡಮ್ಮನನ್ನೂ ಮತ್ತೆ ಎತ್ತರವಾಗಿ ನಿಂತ ಗಾಡಿಯನ್ನೂ ನೋಡಿದರು.

ಪ್ರಸನ್ನ ಅವರು ಪ್ಲಾಸ್ಟಿಕ್ ಕುರ್ಚಿ ತಂದರು. ಅದರ ಕಾಲುಗಳು ನೆಲದಲ್ಲಿ ಇಳಿದವು. "ಅಮ್ಮಾ, ನಾವು ನಾಲ್ಕು ಜನ ಹಿಡ್ಕೊಂಡು ಎತ್ತಿ ಕೂರಿಸ್ತೀವಿ," ಎಂದರು.

"ನಾನೇನು ಸಿಲಿಂಡರಾ?" ಎಂದಳು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿ, ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂಬಂತೆ, "ಮೊದ್ಲು ಹೂತಿದ್ದಲ್ಲೇ ಹೋಗಿ ನಿಲ್ಸು," ಎಂದಳು.

ನಾನು ಗುರುಗಳ ಮುಖ ನೋಡಿದೆ. ಅವರು ಕೆಸರು ಒರೆಸಿಕೊಂಡು ನಿಧಾನವಾಗಿ ತಲೆಯಾಡಿಸಿದರು. ಹೋದೆ. ಆಗ ಇನ್ನೊಂದು ತೊಂದರೆಯಾಯಿತು. ಮೊದಲ ಸಲ ಕೈಕೊಟ್ಟ ಹೊಸ ಟಯರುಗಳು ಈ ಸಲ ಹಿಡಿತ ಸಾಧಿಸಿ, ಗಾಡಿ ಜಿಂಕೆಯಂತೆ ಆ ಕಡೆ ದಡ ಹತ್ತಿಬಿಟ್ಟಿತು. ಹಿಂದಕ್ಕೆ ತಂದೆ. ಮತ್ತೆ ಹತ್ತಿತು. ಇಷ್ಟು ಚೆನ್ನಾಗಿ ನಾನು ಎಂದೂ ಓಡಿಸಿರಲಿಲ್ಲ, ಯಾರೂ ಮೆಚ್ಚಲಿಲ್ಲ. ಕೆಸರಿನಲ್ಲಿ ಎಂದೂ ಚಕ್ರವನ್ನು ಬರಿದೇ ಸುತ್ತಿಸಬಾರದು ಎಂದು ನನಗೆ ಹತ್ತು ಸಲ ಹೇಳಿಕೊಟ್ಟ ಪ್ರಸನ್ನ ಅವರೇ, "ಆಕ್ಸಿಲರೇಟರ್ ಪೂರ್ತಿ ಒತ್ತಿ ಮೇಡಂ, ಸುತ್ಲಿ, ಹೂತ್ಕೊಳ್ಳತ್ತೆ," ಎಂದು ಕೂಗುತ್ತಿದ್ದರು. ನನ್ನ ಗಂಡ ಪ್ಯಾಂಟು ಮಡಿಸಿಕೊಂಡು ಕೆಸರಿನಲ್ಲಿ ನಿಂತು, "ಇನ್ನೊಂಚೂರು ಎಡಕ್ಕೆ. ಬಾ, ಬಾ. ಇಳೀಲಿ, ಇನ್ನೂ ಇಳೀಲಿ," ಎಂದು ಕೈಯಾಡಿಸುತ್ತಿದ್ದರು. ಅವರ ಮುಖದಲ್ಲಿ ಅಂಥ ಉತ್ಸಾಹವನ್ನು ನಾನು ಮದುವೆಯಾದ ಹೊಸದರಲ್ಲೂ ಕಂಡಿದ್ದಿಲ್ಲ. ಕೊನೆಗೆ ಗಾಡಿ ಹೊಟ್ಟೆಯವರೆಗೆ ಕೂತಿತು. ದೊಡ್ಡಮ್ಮ ಬದುವಿನಿಂದ ಒಳಕ್ಕೆ ನಡೆದು ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. "ಹ್ಞೂಂ, ಎಳೀರಪ್ಪ," ಎಂದಳು. ಎಳೆದರು.

ವಾಪಸು ಬರುವಾಗ ಬನಶಂಕರಿಯ ಸಿಗ್ನಲ್ಲಿನಲ್ಲಿ ನಿಂತೆವು. ಅಲ್ಲಿ ನನ್ನ ಗಂಡ ಉಗುರಿನ ಕೆಸರು ಕೆರೆಯುತ್ತ, "ಹೊಸದು ಬೇಡ ಬಿಡು," ಎಂದರು. "ಬೇಕು ಅಂತ ಹೂತ್ಕೊಳ್ಳೋಕೆ ಅದು ಒಪ್ಪಲ್ಲ. ಇದಕ್ಕೇ ವಿಂಚು ಹಾಕ್ಸು."

ಒಂದು ವರ್ಷದ ಪ್ರಶ್ನೆ ಸಿಗ್ನಲ್ ಹಸಿರಾಗುವುದರೊಳಗೆ ಮುಗಿಯಿತು. ಶ್ರೀನಗರ ತಲುಪಿದಾಗ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ಸೀರೆಯ ಅಂಚಿನ ಕೆಸರು ನೋಡಿ ಗಾಬರಿಯಾದಳು.

"ಏನಾಯ್ತು ಅತ್ತೆ?"

ದೊಡ್ಡಮ್ಮ ಗಾಡಿಯಿಂದ ಕಟ್ಟೆಗೆ ದಾಟಿ, ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು, ಇಡೀ ಬೀದಿಗೆ ಕೇಳಿಸುವ ಹಾಗೆ ಹೇಳಿದಳು. "ಎರಡು ಸಲ ಹೂತ್ಕೊಂಡ್ವಿ ಕಣೇ. ಮೊದಲನೇದು ತಾನಾಗೇ ಆಯ್ತು. ಎರಡನೇದು ನನಗೋಸ್ಕರ."